ಉತ್ತರ ಹೇಳದ ಮೇಷ್ಟರು

ಭಾನುವಾರದ ಸಂಜೆ. ಬೆಂಗಳೂರಿನ ಬಡಾವಣೆಯೊಂದರ ಮಧ್ಯಮವರ್ಗದ ಮನೆ. ಏಳನೆಯ ತರಗತಿಯಲ್ಲಿ ಓದುತ್ತಿರುವ ಮಗಳು ನಡುಮನೆಯಲ್ಲಿ ಚಾಪೆ ಹಾಸಿಕೊಂಡು, ಡ್ರಾಯಿಂಗ್ ಹಾಳೆ, ಅಂಟು, ಕತ್ತರಿಗಳನ್ನು ಸುತ್ತಲೂ ಹರಡಿಕೊಂಡು ಕುಳಿತಿದ್ದಾಳೆ. ಮರುದಿನ ಬೆಳಿಗ್ಗೆ 'ನಮ್ಮ ಜಲಪಾತಗಳು' ಎಂಬ ಪ್ರಾಜೆಕ್ಟನ್ನು ಶಾಲೆಯಲ್ಲಿ ಒಪ್ಪಿಸಬೇಕು. ಚಿತ್ರಗಳೆಲ್ಲ ಸಿದ್ಧವಾಗಿವೆ. ಆದರೆ ಹಾಳೆಯ ನೆತ್ತಿಯ ಮೇಲೆ ದಪ್ಪಕ್ಷರಗಳಲ್ಲಿ ಬರೆಯಬೇಕಾದ ಮೊದಲ ವಾಕ್ಯವೇ ಇನ್ನೂ ನಿಶ್ಚಯವಾಗಿಲ್ಲ. ಭಾರತದ ಅತಿ ಎತ್ತರದ ಜಲಪಾತ ಯಾವುದು?

"ಅದರಲ್ಲಿ ಕೇಳುವುದೇನಿದೆ ಮಗು? ಜೋಗ!" ಎಂದರು ಆರಾಮಕುರ್ಚಿಯಲ್ಲಿ ಒರಗಿದ್ದ ಅಜ್ಜ. ಅವರು ಬಾಲ್ಯದಲ್ಲಿ ಕಲಿತದ್ದು ಅದನ್ನೇ.

ತಂದೆ ಮೊಬೈಲನ್ನು ತೆಗೆದರು. ಪ್ರಶ್ನೆಯನ್ನು ಪೂರ್ತಿ ಬರೆಯುವಷ್ಟರಲ್ಲಿಯೇ ಉತ್ತರ ಬಂದಿತ್ತು. "ಕುಂಚಿಕಲ್ ಜಲಪಾತವಂತೆ. 455 ಮೀಟರ್. ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿಯೇ ಇದೆ" ಎಂದರು.

ಕಾಲೇಜಿನಲ್ಲಿ ಓದುವ ಅಣ್ಣ ಕೊಠಡಿಯಿಂದಲೇ ಕೂಗಿದ: "ಎರಡೂ ಅಲ್ಲ. ಮೇಘಾಲಯದ ನೋಹ್‌ಕಾಲಿಕಾಯ್!"

ಪ್ರಶ್ನೆ ಒಂದು, ಉತ್ತರ ಮೂರು. ಕೈಯಲ್ಲಿ ಯಂತ್ರವಿದ್ದವರ ಮಾತೇ ಕೊನೆಗೆ ಗೆದ್ದಿತು. ಹುಡುಗಿ 'ಕುಂಚಿಕಲ್' ಎಂದು ಬರೆದು, ಕೆಳಗೆ ಬಣ್ಣದ ಗೆರೆಯನ್ನೂ ಎಳೆದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಾಯಿ ಮಾತ್ರ, "ಹಾಗಾದರೆ ಮಾವನವರು ಹೇಳಿದ್ದು ತಪ್ಪೇ?" ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಅಜ್ಜ ಪತ್ರಿಕೆಯನ್ನು ಮುಖದ ಮುಂದೆ ಹಿಡಿದುಕೊಂಡರು.

ಈ ದೃಶ್ಯ ಇಂದು ಯಾವ ಮನೆಗೂ ಹೊಸದಲ್ಲ. ಜ್ಞಾನವೆಂಬುದು ದುರ್ಲಭವಾಗಿದ್ದ ಕಾಲ ಕಳೆದು, ಅದು ನಲ್ಲಿಯ ನೀರಿನಂತೆ ಮನೆಮನೆಗೂ ಹರಿದು ಬರುವ ಕಾಲ ಬಂದಿದೆ. ಆದರೆ ನಲ್ಲಿಯನ್ನು ತಿರುಗಿಸಲು ಬಂದ ಮಾತ್ರಕ್ಕೆ ನೀರನ್ನು ಪರೀಕ್ಷಿಸಲು ಬಂದಂತಾಗುವುದಿಲ್ಲ. ಆ ಪರೀಕ್ಷೆಯನ್ನು ಮಕ್ಕಳಿಗೆ ಕಲಿಸಬೇಕಾದವರು ಯಾರು ಎಂಬುದು ತಾಯ್ತಂದೆಗಳು ಸ್ವಲ್ಪ ಯೋಚಿಸಬೇಕಾದ ವಿಷಯ.

ಕನ್ನಡದ ಮಕ್ಕಳ ಕೈಗೆ ಆಕರಗ್ರಂಥಗಳು ಬಂದ ಕಥೆ ಬಹಳ ಹಳೆಯದೇನೂ ಅಲ್ಲ. ಶಿವರಾಮ ಕಾರಂತರು ಮೂರು ಸಂಪುಟಗಳ 'ಬಾಲ ಪ್ರಪಂಚ'ವನ್ನು ಹೊರತಂದದ್ದು 1936ರಲ್ಲಿ. ಅನಂತರ ಅವರೇ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನು ರಚಿಸಿದರು. 1970ರ ದಶಕದಲ್ಲಿ ನಿರಂಜನರ ಸಂಪಾದಕತ್ವದಲ್ಲಿ ಏಳು ಸಂಪುಟಗಳ ಕಿರಿಯರ ವಿಶ್ವಕೋಶ 'ಜ್ಞಾನಗಂಗೋತ್ರಿ' ಬಂದಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಪ್ರಕಟವಾಗಿ, ಹದಿನಾಲ್ಕನೆಯದು ಮುಗಿಯುವ ಹೊತ್ತಿಗೆ ಮೂರು ದಶಕಗಳಿಗೂ ಮೀರಿದ ಕಾಲ ಸಂದಿತ್ತು. ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು ಎಂಟು ಸಂಪುಟಗಳನ್ನು ತುಂಬಿತು. ಇವೆಲ್ಲವೂ ಮಹತ್ಕಾರ್ಯಗಳು. ಆದರೆ ಇವನ್ನು ಕೊಂಡು ಮನೆಯಲ್ಲಿಡುವ ಶಕ್ತಿ ಎಷ್ಟು ಮಂದಿಗಿತ್ತು? ಶಾಲೆಗೆ ಬಂದ ಸಂಪುಟಗಳೂ ಅನೇಕ ಕಡೆ ಮುಖ್ಯೋಪಾಧ್ಯಾಯರ ಕೊಠಡಿಯ ಗಾಜಿನ ಬೀರುವಿನಲ್ಲಿ, ಬಂದುಹೋಗುವ ಇನ್‌ಸ್ಪೆಕ್ಟರರ ಕಣ್ಣಿಗೆ ಕಾಣುವಂತೆ ಸಾಲಾಗಿ ನಿಂತು ಆಯುಷ್ಯವನ್ನು ಕಳೆದವು.

ಈಗ ಆ ಬೀರುವಿನ ಗೋಡೆಗಳೇ ಕರಗಿಹೋಗಿವೆ. 1768ರಲ್ಲಿ ಎಡಿನ್‌ಬರೋ ನಗರದಲ್ಲಿ ಹುಟ್ಟಿದ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ 2012ರಲ್ಲಿ ತನ್ನ ಮುದ್ರಿತ ಸಂಪುಟಗಳನ್ನು ನಿಲ್ಲಿಸಿ, ಅಂತರಜಾಲದಲ್ಲಿ ಮಾತ್ರ ಮುಂದುವರಿಯಿತು. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಗಿ, ಇಂದು ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳನ್ನು ಹೊಂದಿದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವು 2016ರಿಂದ 'ಭಾರತವಾಣಿ'ಯ ಮೂಲಕ ಕನ್ನಡವೂ ಸೇರಿದಂತೆ ಭಾರತದ ಭಾಷೆಗಳ ನಿಘಂಟುಗಳನ್ನೂ ಗ್ರಂಥಗಳನ್ನೂ ತೆರೆದಿಟ್ಟಿದೆ. ವಿ. ಕೃಷ್ಣ ಎಂಬವರು ದಶಕಗಳ ಕಾಲ ಒಬ್ಬರೇ ಕುಳಿತು ಕೂಡಿಸಿದ ಕನ್ನಡ-ಇಂಗ್ಲಿಷ್ ಕೋಶ 'ಅಲರ್' ಎಂಬ ಹೆಸರಿನಲ್ಲಿ 2019ರಿಂದ ಎಲ್ಲರಿಗೂ ಉಚಿತವಾಗಿ ದೊರೆಯುತ್ತಿದೆ. 2018ರಲ್ಲಿ ರಾಷ್ಟ್ರಕ್ಕೆ ಸಮರ್ಪಿತವಾದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವನ್ನು ಖರಗ್‌ಪುರದ ಐ.ಐ.ಟಿ. ನಡೆಸುತ್ತಿದೆ. 2017ರಲ್ಲಿ ಆರಂಭವಾದ 'ದೀಕ್ಷಾ' ಎಂಬ ವ್ಯವಸ್ಥೆಯ ಮೂಲಕ, ಪಾಠಪುಸ್ತಕದ ಪುಟದಲ್ಲಿ ಅಚ್ಚಾದ ಚೌಕದ ಗುರುತಿಗೆ ಮೊಬೈಲನ್ನು ಹಿಡಿದರೆ ಸಾಕು, ಪಾಠದ ಚಿತ್ರ, ವಿವರಣೆಗಳು ಬಂದು ನಿಲ್ಲುತ್ತವೆ.

ಹಿಂದೆ ಒಂದು ತಾಲ್ಲೂಕಿಗೆ ದೊರೆಯದಿದ್ದ ಗ್ರಂಥಭಂಡಾರ ಇಂದು ಒಬ್ಬ ಕೂಲಿಕಾರನ ಮಗುವಿನ ಕೈಗೂ ಎಟಕುವಂತಿದೆ. ಇದು ಸಾಮಾನ್ಯ ಭಾಗ್ಯವಲ್ಲ. 'ಈ ಹಾಳು ಯಂತ್ರದಿಂದ ಮಕ್ಕಳು ಕೆಟ್ಟರು' ಎಂದು ಗೊಣಗುವ ಹಿರಿಯರು, ತಾವು ಒಂದು ಪದದ ಅರ್ಥಕ್ಕಾಗಿ ಯಾರ ಯಾರ ಮನೆಯ ಬಾಗಿಲನ್ನು ತಟ್ಟಬೇಕಾಗಿತ್ತು ಎಂಬುದನ್ನು ಒಮ್ಮೆ ನೆನೆಯಬೇಕು.

ಆದರೂ ಒಂದು ತೊಡಕಿದೆ. ಬೀರುವಿನ ಪುಸ್ತಕಕ್ಕೆ ಮುಖಪುಟವಿತ್ತು. ಬರೆದವರ ಹೆಸರು, ಅಚ್ಚಾದ ವರ್ಷ, ಪ್ರಕಾಶಕರ ಊರು ಎಲ್ಲವೂ ಮೊದಲ ಪುಟದಲ್ಲಿಯೇ ಕಾಣುತ್ತಿದ್ದವು. ಮೊಬೈಲಿನ ತೆರೆಯ ಮೇಲೆ ಒಂದೇ ಸಾಲಿನಲ್ಲಿ ಮಿಂಚುವ ಉತ್ತರಕ್ಕೆ ಇಂಥ ಕುಲಗೋತ್ರಗಳು ಮೊದಲ ನೋಟಕ್ಕೆ ಕಾಣುವುದಿಲ್ಲ. 2022ರ ಕೊನೆಯಿಂದ ಜನಬಳಕೆಗೆ ಬಂದಿರುವ, ಕೇಳಿದ್ದಕ್ಕೆಲ್ಲ ತಾವೇ ವಾಕ್ಯ ರಚಿಸಿ ಉತ್ತರಿಸುವ ಕೃತಕ ಬುದ್ಧಿಯ ಯಂತ್ರಗಳಂತೂ ಸರಿಯಾದುದನ್ನೂ ತಪ್ಪಾದುದನ್ನೂ ಒಂದೇ ಧೈರ್ಯದಿಂದ ಹೇಳಬಲ್ಲವು. ಇಲ್ಲದ ಪುಸ್ತಕದ ಹೆಸರನ್ನು ಆಧಾರವಾಗಿ ಒದಗಿಸಿದ ಪ್ರಸಂಗಗಳೂ ಉಂಟು. ದೊಡ್ಡವರೇ ಮೋಸಹೋಗುವಲ್ಲಿ ಹನ್ನೆರಡು ವರ್ಷದ ಹುಡುಗಿಯ ಪಾಡೇನು?

ಈ ಪ್ರಶ್ನೆಗೆ ಉತ್ತರವನ್ನು ಹುಡುಕುವವರು ಒಬ್ಬ ಗಣಿತದ ಮೇಷ್ಟರನ್ನು ನೆನೆಯುವುದು ಒಳ್ಳೆಯದು. ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಹುಟ್ಟಿದ ಎಸ್. ಆರ್. ರಂಗನಾಥನ್ ಅವರು 1917ರಲ್ಲಿ ಅಧ್ಯಾಪಕ ವೃತ್ತಿಗೆ ಸೇರಿದ್ದು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ. 1924ರಲ್ಲಿ ಅವರು ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದರು. ತರಗತಿಯ ಕಲರವಕ್ಕೆ ಒಗ್ಗಿದ್ದ ಅವರಿಗೆ ಪುಸ್ತಕಗಳ ನಡುವಿನ ಏಕಾಂತ ಮೊದಲು ಸಹಿಸದಾಯಿತು. ಮತ್ತೆ ಪಾಠ ಹೇಳುವ ಕೆಲಸಕ್ಕೇ ಕಳುಹಿಸಿರೆಂದು ಕೇಳಿಕೊಂಡರು. ಆದರೆ ಇಂಗ್ಲೆಂಡಿಗೆ ಹೋಗಿ, ಅಲ್ಲಿಯ ಗ್ರಂಥಾಲಯಗಳು ಊರಿನ ಜನರೆಲ್ಲರ ಬಾಳಿನಲ್ಲಿ ಬೆರೆತಿರುವ ಬಗೆಯನ್ನು ಕಂಡು ಬಂದ ಮೇಲೆ ಆ ಏಕಾಂತದ ಕೋಣೆ ಅವರಿಗೆ ದೊಡ್ಡ ತರಗತಿಯಾಗಿ ಕಂಡಿತು. 1931ರಲ್ಲಿ ಅವರು ಪ್ರಕಟಿಸಿದ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳು ಇಂದು ಜಗತ್ತಿನಲ್ಲೆಲ್ಲ ಪಾಠವಾಗಿವೆ. ಪುಸ್ತಕವನ್ನು ಕಾಪಾಡುವುದಕ್ಕಿಂತ ಅದನ್ನು ಬಳಸುವಂತೆ ಮಾಡುವುದೇ ಮುಖ್ಯ, ಓದಲು ಬಂದವನ ಹೊತ್ತನ್ನು ಹಾಳುಮಾಡಬಾರದು ಎಂಬುದು ಅವುಗಳ ತಿರುಳು. ಬಾಳಿನ ಕೊನೆಯ ವರ್ಷಗಳನ್ನು ಅವರು ಬೆಂಗಳೂರಿನಲ್ಲಿಯೇ ಕಳೆದರು. 1962ರಲ್ಲಿ ಇಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಇಲ್ಲಿಯೇ ತೀರಿಕೊಂಡರು.

ಮೇಷ್ಟರೊಬ್ಬರು ಗ್ರಂಥಪಾಲರಾದ ಈ ಕಥೆಯಲ್ಲಿ ಶಾಲೆಗಳಿಗೆ ಬೇಕಾದ ಒಂದು ಪಾಠವಿದೆ. ಪುಸ್ತಕವನ್ನು ಬಲ್ಲವನು ಮಗುವನ್ನು ಅರಿಯದಿರಬಹುದು. ಮಗುವನ್ನು ಅರಿತವನು ಆಕರಗಳನ್ನು ಬಲ್ಲವನಾಗದಿರಬಹುದು. ಎರಡೂ ಒಬ್ಬರಲ್ಲಿ ಕೂಡಿದಾಗ ಶಾಲೆಯ ಗ್ರಂಥಾಲಯಕ್ಕೆ ಜೀವ ಬರುತ್ತದೆ. ಆಸ್ಟ್ರೇಲಿಯಾ, ಕೆನಡಾ ಮೊದಲಾದ ದೇಶಗಳ ಶಾಲೆಗಳಲ್ಲಿ ಇಂಥವರನ್ನು 'ಟೀಚರ್-ಲೈಬ್ರೇರಿಯನ್' ಎಂದು ಕರೆಯುತ್ತಾರೆ. ಅವರಿಗೆ ಬೋಧನೆಯಲ್ಲಿಯೂ ಗ್ರಂಥಾಲಯಶಾಸ್ತ್ರದಲ್ಲಿಯೂ ಶಿಕ್ಷಣವಾಗಿರುತ್ತದೆ. ಕನ್ನಡದಲ್ಲಿ ಅವರನ್ನು ಶಿಕ್ಷಕ-ಗ್ರಂಥಪಾಲರೆನ್ನಬಹುದು. ಮಕ್ಕಳ ಬಾಯಲ್ಲಿ ಅವರು ಲೈಬ್ರರಿ ಮೇಷ್ಟರು.

ಜಲಪಾತದ ಹುಡುಗಿಯ ಶಾಲೆಯಲ್ಲಿ ಅಂಥ ಮೇಷ್ಟರೊಬ್ಬರು ಇದ್ದಿದ್ದರೆ ಏನು ನಡೆಯುತ್ತಿತ್ತು? ಹುಡುಗಿ ಶುಕ್ರವಾರವೇ ಅವರ ಬಳಿಗೆ ಹೋಗುತ್ತಿದ್ದಳು.

"ಸಾರ್, ಭಾರತದ ಅತಿ ಎತ್ತರದ ಜಲಪಾತ ಯಾವುದು?"

ಅವರು ಉತ್ತರ ಹೇಳುತ್ತಿರಲಿಲ್ಲ. "ಎತ್ತರ ಅಂದರೆ ಏನಮ್ಮ?" ಎಂದು ಅವಳನ್ನೇ ಕೇಳುತ್ತಿದ್ದರು. "ನೀರು ಎಲ್ಲಿಯೂ ಬಂಡೆಗೆ ತಾಕದೆ ಒಂದೇ ನೆಗೆತಕ್ಕೆ ಬೀಳುವ ಎತ್ತರವೇ? ಅಥವಾ ಮೆಟ್ಟಿಲು ಮೆಟ್ಟಿಲಾಗಿ ಇಳಿದದ್ದನ್ನೆಲ್ಲ ಕೂಡಿಸಿದ ಎತ್ತರವೇ?"

ಈ ಒಂದು ಪ್ರಶ್ನೆಯಿಂದ ಗಂಟು ಸಡಿಲವಾಗತೊಡಗುತ್ತದೆ. ವರಾಹಿ ನದಿಯ ಕುಂಚಿಕಲ್‌ಗೆ ಹಲವು ಆಕರಗಳು ಕೊಡುವ 455 ಮೀಟರ್ ಎಂಬುದು ಹಂತಹಂತವಾಗಿ ಬಂಡೆಗಳ ಮೇಲೆ ಜಾರಿಬರುವ ನೀರಿನ ಒಟ್ಟು ಎತ್ತರ. ಒಂದೇ ನೆಗೆತದ ಲೆಕ್ಕವನ್ನು ಹಿಡಿದರೆ ಚಿರಾಪುಂಜಿಯ ಬಳಿಯ ನೋಹ್‌ಕಾಲಿಕಾಯ್ ಮುಂದೆ ಬರುತ್ತದೆ. ಅದು 340 ಮೀಟರ್. ಶರಾವತಿಯ ಜೋಗದಲ್ಲಿ ರಾಜಾ ಕವಲು ನೇರವಾಗಿ ಧುಮುಕುವುದು 253 ಮೀಟರ್, ಅಂದರೆ 830 ಅಡಿ. ಹೀಗೆ ತಂದೆ ಹೇಳಿದ್ದಕ್ಕೂ ಅಣ್ಣ ಹೇಳಿದ್ದಕ್ಕೂ ಒಂದೊಂದು ಆಧಾರವಿದೆ. ಅವರಿಬ್ಬರೂ ಉತ್ತರಿಸಿದ್ದು ಬೇರೆ ಬೇರೆ ಪ್ರಶ್ನೆಗಳಿಗೆ, ಅಷ್ಟೇ.

ಮೇಷ್ಟರ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಒಂದು ಹಾಳೆಯಲ್ಲಿ ಮೂರು ಕಲಮುಗಳನ್ನು ಎಳೆಯಿಸುತ್ತಾರೆ. ಹೀಗೆಂದು ಹೇಳಿದವರು ಯಾರು? ಯಾವಾಗ ಹೇಳಿದರು? ಅವರಿಗೆ ಹೇಗೆ ಗೊತ್ತಾಯಿತು? ವಿಕಿಪೀಡಿಯದ ಪುಟವನ್ನು ತೆರೆದು, ಕೆಳಗಿನ ಅಡಿಟಿಪ್ಪಣಿಗಳನ್ನು ತೋರಿಸುತ್ತಾರೆ. ಪುಟದ ಮೇಲ್ಭಾಗದಲ್ಲಿರುವ 'ಇತಿಹಾಸ' ಎಂಬುದನ್ನು ಒತ್ತಿಸಿ, ಆ ಲೇಖನವನ್ನು ಎಷ್ಟು ಜನ, ಯಾವ ಯಾವ ದಿನ ತಿದ್ದಿದ್ದಾರೆಂಬುದನ್ನು ಅವಳ ಕಣ್ಣಿಗೇ ಕಾಣಿಸುತ್ತಾರೆ. ಅದೇ ವಿಷಯವನ್ನು ಬೀರುವಿನಲ್ಲಿರುವ ವಿಶ್ವಕೋಶದ ಸಂಪುಟದಲ್ಲಿ ಹುಡುಕಿಸುತ್ತಾರೆ. ಅಕಾರಾದಿಯಲ್ಲಿ 'ಜ' ಎಲ್ಲಿ ಬರುತ್ತದೆ ಎಂದು ತಡಕಾಡುವ ಕಷ್ಟವೂ ಆ ಪಾಠದ ಒಂದು ಭಾಗವೇ. ಆ ನಡುವೆ, ನೋಹ್‌ಕಾಲಿಕಾಯ್ ಎಂದರೆ ಖಾಸಿ ಭಾಷೆಯಲ್ಲಿ ಲಿಕಾಯ್ ಎಂಬ ಹೆಂಗಸಿನ ನೆಗೆತವೆಂದು ತಿಳಿದು ಹುಡುಗಿಯ ಕಣ್ಣು ಅರಳುತ್ತದೆ. ಅದು ಪ್ರಾಜೆಕ್ಟಿಗೆ ಬೇಕಾದದ್ದಲ್ಲ. ಆದರೆ ಅವಳು ಮರೆಯದೆ ಉಳಿಸಿಕೊಳ್ಳುವುದು ಅದನ್ನೇ.

ಕೊನೆಯಲ್ಲಿ ಮೇಷ್ಟರು, "ಮನೆಯಲ್ಲಿ ಅಜ್ಜನನ್ನೂ ಕೇಳಿಕೊಂಡು ಬಾ" ಎನ್ನುತ್ತಾರೆ. "ಅವರು ಜೋಗವನ್ನು ಮೊದಲು ನೋಡಿದ್ದು ಯಾವಾಗ? ಆಗ ನೀರು ಎಷ್ಟಿತ್ತು?" 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದ ಮೇಲೆ ಜೋಗದ ಧಾರೆ ಎಷ್ಟು ತುಂಬಿಕೊಂಡಿರಬೇಕು ಎಂಬುದು ಮಳೆಯೊಬ್ಬನ ಕೈಯಲ್ಲಿ ಉಳಿಯಲಿಲ್ಲ. ವರಾಹಿಗೆ ಮಾಣಿಯಲ್ಲಿ ಅಣೆಕಟ್ಟು ಬಂದ ಮೇಲೆ ಕುಂಚಿಕಲ್ ಕೂಡ ಮಳೆಗಾಲದಲ್ಲಿ ಮಾತ್ರ ಜೀವ ತಳೆಯುವಂತಾಯಿತು. ಮನೆಯಲ್ಲಿ ಉರಿಯುವ ದೀಪಕ್ಕೂ ಬಂಡೆಯ ಮೇಲೆ ಆರಿದ ನೀರಿಗೂ ಸಂಬಂಧವಿದೆ ಎಂಬ ಅರಿವು ಇಂಥ ಹುಡುಕಾಟದಿಂದ ಹುಟ್ಟುತ್ತದೆ. ಅಜ್ಜನ ಉತ್ತರವು ಅಳತೆಯ ಲೆಕ್ಕದಲ್ಲಿ ನಿಲ್ಲದಿರಬಹುದು. ಆದರೆ ಅವರ ನೆನಪೂ ಒಂದು ಆಕರವೇ. ಅದನ್ನು ಗೌರವದಿಂದ ಕೇಳಿ, ವಿವೇಕದಿಂದ ತೂಗಬೇಕೆಂಬುದನ್ನು ಮೊಬೈಲು ಕಲಿಸಲಾರದು.

ಆಕರದ ವರ್ಷವನ್ನು ನೋಡುವ ಅಭ್ಯಾಸಕ್ಕೆ ಇನ್ನೊಂದು ಸುಲಭವಾದ ಉದಾಹರಣೆಯುಂಟು. ನಮ್ಮ ರಾಜ್ಯದಲ್ಲಿ ಜಿಲ್ಲೆಗಳೆಷ್ಟು? 1956ರ ಏಕೀಕರಣದ ಕಾಲದ ಪುಸ್ತಕ 19 ಎನ್ನುತ್ತದೆ. 1997ರ ಪುನರ್ವಿಂಗಡಣೆಯ ಅನಂತರದ ಪುಸ್ತಕ 27 ಎನ್ನುತ್ತದೆ. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದ ಮೇಲೆ ಬರೆದದ್ದರಲ್ಲಿ 31 ಎಂದಿದೆ. ಮೂರೂ ತಮ್ಮ ತಮ್ಮ ಕಾಲಕ್ಕೆ ಸತ್ಯವೇ. ಈ ಮೂರು ಪುಸ್ತಕಗಳನ್ನು ಒಂದೇ ಮೇಜಿನ ಮೇಲೆ ಬಿಡಿಸಿಟ್ಟು, 'ಇವರಲ್ಲಿ ಸುಳ್ಳು ಹೇಳಿದವರು ಯಾರು?' ಎಂದು ಕೇಳುವ ಮೇಷ್ಟರು ಒಂದು ಅವಧಿಯಲ್ಲಿ ಕಲಿಸುವುದನ್ನು ಮಗು ಬಾಳಿನುದ್ದಕ್ಕೂ ಮರೆಯುವುದಿಲ್ಲ. ಆ ಮಗು ಮುಂದೆ ದೊಡ್ಡವಳಾಗಿ ಚುನಾವಣೆಯ ಭಾಷಣವನ್ನು ಕೇಳುವಾಗ, ಔಷಧದ ಜಾಹೀರಾತನ್ನು ಓದುವಾಗ, ಯಾರೋ ಕಳುಹಿಸಿದ ಸುದ್ದಿಯನ್ನು ಇನ್ನೊಬ್ಬರಿಗೆ ದಾಟಿಸುವ ಮುನ್ನ, ಅದೇ ಮೂರು ಕಲಮುಗಳನ್ನು ಮನಸ್ಸಿನಲ್ಲಿ ಎಳೆದುಕೊಳ್ಳುತ್ತಾಳೆ.

ಆದರೆ ಇಂಥ ಮೇಷ್ಟರು ಎಲ್ಲಿದ್ದಾರೆ? 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಪ್ರತಿಯೊಂದು ಶಾಲೆಗೂ ಗ್ರಂಥಾಲಯವಿರಬೇಕು, ಅಲ್ಲಿ ವೃತ್ತಪತ್ರಿಕೆ, ನಿಯತಕಾಲಿಕೆ, ಕಥೆಗಳೂ ಸೇರಿದಂತೆ ಎಲ್ಲ ವಿಷಯಗಳ ಪುಸ್ತಕಗಳು ಇರಬೇಕು ಎಂಬ ವಿಧಿಯಿದೆ. ಅದೇ ಅನುಸೂಚಿಯಲ್ಲಿ, ನೂರಕ್ಕೂ ಹೆಚ್ಚು ಮಕ್ಕಳಿರುವ ಹಿರಿಯ ಪ್ರಾಥಮಿಕ ಶಾಲೆಗೆ ಚಿತ್ರಕಲೆ, ದೈಹಿಕ ಶಿಕ್ಷಣ, ಕಾರ್ಯಶಿಕ್ಷಣಗಳಿಗೆ ಅರೆಕಾಲಿಕ ಬೋಧಕರಿರಬೇಕೆಂದೂ ಹೇಳಿದೆ. ಗ್ರಂಥಪಾಲನ ಮಾತು ಮಾತ್ರ ಅಲ್ಲಿಲ್ಲ. ದೇವಸ್ಥಾನವನ್ನು ಕಟ್ಟಿಸಿ, ಪೂಜೆಗೆ ಯಾರನ್ನೂ ನೇಮಿಸದೆ ಬಿಟ್ಟಂತಾಯಿತು.

ಇದರ ಪರಿಣಾಮ ಎಲ್ಲರೂ ಕಂಡದ್ದೇ. ಪುಸ್ತಕ ಕೊಳ್ಳಲು ಹಣ ಬರುತ್ತದೆ, ಪುಸ್ತಕಗಳೂ ಬರುತ್ತವೆ. ಅವುಗಳ ಉಸ್ತುವಾರಿ ಈಗಾಗಲೇ ವಾರದ ತುಂಬ ಪಾಠಗಳಿರುವ ಒಬ್ಬ ಮೇಷ್ಟರ ತಲೆಗೆ ಬೀಳುತ್ತದೆ. ಸ್ಟಾಕ್ ರಿಜಿಸ್ಟರಿನಲ್ಲಿ ಅವರ ಸಹಿಯಿದೆ. ಒಂದು ಪುಸ್ತಕ ಕಳೆದರೆ ಉತ್ತರ ಕೊಡಬೇಕಾದವರು ಅವರು. ಮಕ್ಕಳಿಗೆ ಕೊಟ್ಟರೆ ಹರಿದೀತು, ಕಳೆದೀತು ಎಂಬ ಭಯದಿಂದ ಅವರು ಬೀಗ ಹಾಕುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. ಪುಸ್ತಕ ಕಳೆದದ್ದಕ್ಕೆ ಲೆಕ್ಕ ಕೇಳುವವರುಂಟು, ಪುಸ್ತಕ ಓದದೆ ಉಳಿದದ್ದಕ್ಕೆ ಲೆಕ್ಕ ಕೇಳುವವರಿಲ್ಲ. ಹಾಗಿರುವಾಗ ಬೀಗವೇ ಅವರಿಗೆ ಕ್ಷೇಮ.

ಅಂತರಜಾಲದ ಭಂಡಾರಕ್ಕೆ ಬೀಗವಿಲ್ಲ, ನಿಜ. ಆದುದರಿಂದಲೇ ಗ್ರಂಥಪಾಲನ ಅಗತ್ಯವೇ ಇನ್ನಿಲ್ಲವೆಂದು ಕೆಲವರು ವಾದಿಸುತ್ತಾರೆ. ವಾದ ಮೇಲುನೋಟಕ್ಕೆ ಸರಿಯೆನಿಸುತ್ತದೆ. ಆದರೆ ಬೀಗವಿದ್ದ ಕಾಲದಲ್ಲಿ ಗ್ರಂಥಪಾಲನು ಬೇಕಾಗಿದ್ದದ್ದು ಬಾಗಿಲನ್ನು ತೆಗೆಯಲು. ಬಾಗಿಲೇ ಇಲ್ಲದ ಕಾಲದಲ್ಲಿ ಬೇಕಾಗಿರುವುದು ದಾರಿ ತೋರಿಸಲು. ಹತ್ತು ಪುಸ್ತಕಗಳ ನಡುವೆ ಮಗು ದಾರಿ ತಪ್ಪುವುದಿಲ್ಲ, ಹತ್ತು ಲಕ್ಷ ಪುಟಗಳ ನಡುವೆ ತಪ್ಪುತ್ತದೆ. ಭಂಡಾರ ಬೆಳೆದಷ್ಟೂ ಮೇಷ್ಟರ ಕೆಲಸ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಕನ್ನಡ ಮಾಧ್ಯಮದ ಮಗುವಿಗಂತೂ ಈ ನೆರವು ಇಮ್ಮಡಿಯಾಗಿ ಬೇಕು. ಕನ್ನಡದಲ್ಲಿ ಏನೇನು ದೊರೆಯುತ್ತದೆ, ಅದರಲ್ಲಿ ಯಾವುದು ತನ್ನ ವಯಸ್ಸಿಗೆ ತಕ್ಕದ್ದು, ಇಂಗ್ಲಿಷಿನಲ್ಲಿ ಮಾತ್ರ ಇರುವುದನ್ನು ಕೋಶದ ಸಹಾಯದಿಂದ ಹೇಗೆ ಬಿಡಿಸಿಕೊಳ್ಳಬೇಕು ಎಂಬುದನ್ನು ಯಾರೂ ಹೇಳದಿದ್ದರೆ, ಇಷ್ಟೆಲ್ಲ ಭಂಡಾರಗಳಿದ್ದೂ ಆ ಮಗು ಬಾಗಿಲ ಹೊರಗೇ ನಿಂತಂತೆ.

ಎಲ್ಲ ಶಾಲೆಗಳಿಗೂ ನಾಳೆಯೇ ತರಬೇತಿ ಪಡೆದ ಗ್ರಂಥಪಾಲರು ಬಂದುಬಿಡುತ್ತಾರೆಂದು ಯಾರೂ ಆಶಿಸಲಾರರು. ಆದರೆ ಇರುವ ಶಿಕ್ಷಕರಲ್ಲಿಯೇ ಓದಿನಲ್ಲಿ ಆಸಕ್ತಿಯುಳ್ಳ ಒಬ್ಬರನ್ನು ಆರಿಸಿ, ಅವರ ಪಾಠಗಳ ಹೊರೆಯನ್ನು ಸ್ವಲ್ಪ ಇಳಿಸಿ, ವಾರಕ್ಕೆ ಪ್ರತಿಯೊಂದು ತರಗತಿಗೂ ಒಂದು ಗ್ರಂಥಾಲಯದ ಅವಧಿಯನ್ನು ಅವರಿಗೆ ಒಪ್ಪಿಸುವುದು ಅಸಾಧ್ಯವೇನಲ್ಲ. ಹರಿದ ಪುಸ್ತಕಕ್ಕೆ ಅವರನ್ನು ಹೊಣೆ ಮಾಡದಿದ್ದರೆ ಅರ್ಧ ಕೆಲಸ ಆದಂತೆಯೇ. ತಾಯ್ತಂದೆಗಳೂ ಸುಮ್ಮನೆ ಕೂಡಬೇಕಾಗಿಲ್ಲ. ಖಾಸಗಿ ಶಾಲೆಯಾದರೆ ಪೋಷಕರ ಸಭೆಯಲ್ಲಿ, ಸರಕಾರಿ ಶಾಲೆಯಾದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ಕಂಪ್ಯೂಟರುಗಳೆಷ್ಟಿವೆ ಎಂದು ಕೇಳುವುದರ ಜೊತೆಗೆ ಇನ್ನೊಂದು ಮಾತನ್ನೂ ಕೇಳಬಹುದು: 'ಮಕ್ಕಳಿಗೆ ಹುಡುಕುವುದನ್ನು ಕಲಿಸುವವರು ಯಾರು?' ಈ ಪ್ರಶ್ನೆಯನ್ನು ನಾಲ್ಕಾರು ಮಂದಿ ಕೇಳತೊಡಗಿದರೆ ಶಾಲೆಯವರು ಉತ್ತರವನ್ನು ಹುಡುಕಲೇಬೇಕಾಗುತ್ತದೆ.

ಮನೆಯಲ್ಲಿಯೂ ಮಾಡಬಹುದಾದದ್ದು ಒಂದಿದೆ. ಮಗು ಪ್ರಶ್ನೆ ಕೇಳಿದ ಕೂಡಲೇ ಮೊಬೈಲನ್ನು ತೆಗೆದು ಉತ್ತರ ಓದಿ ಹೇಳುವ ಆತುರವನ್ನು ತಂದೆ ಸ್ವಲ್ಪ ತಡೆದುಕೊಳ್ಳಬೇಕು. ಮೊಬೈಲನ್ನು ಇಬ್ಬರೂ ಕೂಡಿ ನೋಡಲಿ. ಹೇಳಿದವರು ಯಾರೆಂದು ಹುಡುಕಲಿ. ಇನ್ನೊಂದು ಕಡೆ ಏನಿದೆಯೆಂದು ಹೋಲಿಸಲಿ. ಹತ್ತು ನಿಮಿಷ ಹೆಚ್ಚು ಹಿಡಿದರೆ ಹಿಡಿಯಲಿ.

ಆ ಭಾನುವಾರದ ಹುಡುಗಿಯ ಹಾಳೆ ಸೋಮವಾರ ಶಾಲೆಗೆ ಹೋಯಿತು. ಚಿತ್ರಗಳು ಚೆನ್ನಾಗಿದ್ದವು, ಕೆಂಪು ಶಾಯಿಯಲ್ಲಿ 'ಗುಡ್' ಎಂದು ಬಂದಿತು. ಹಾಳೆಯನ್ನು ತರಗತಿಯ ಗೋಡೆಗೂ ತೂಗುಹಾಕಿದರು. ಅವಳು ಬರೆದ ವಾಕ್ಯವನ್ನು ನಲವತ್ತು ಮಕ್ಕಳು ಓದಿದರು, ಯಾರೂ ಪ್ರಶ್ನಿಸಲಿಲ್ಲ. ಮನೆಯಲ್ಲಿ ತಾಯಿ ಕೇಳಿದ ಪ್ರಶ್ನೆ ಮಾತ್ರ ಇನ್ನೂ ಹಾಗೆಯೇ ಉಳಿದಿದೆ. ಅಂದಿನಿಂದ ಆ ಮನೆಯಲ್ಲಿ ಯಾರೂ ಅಜ್ಜನನ್ನು ಏನನ್ನೂ ಕೇಳಿಲ್ಲ.